ಯಾರ ಕಡೆಯಿಂದ ನೋಡಿದರೆ?

ವಾರಕ್ಕೆ ಎರಡು ಸಂಜೆ ಆ ಹುಡುಗ ನಮ್ಮ ಮನೆಗೆ ಬರುತ್ತಿದ್ದ. ನರಗುಂದದ ಕಡೆಯವನು. ಧಾರವಾಡದ ಸಪ್ತಾಪುರದಲ್ಲಿ ಇನ್ನೂ ಮೂವರ ಜೊತೆ ಒಂದೇ ರೂಮಿನಲ್ಲಿದ್ದುಕೊಂಡು ಪರೀಕ್ಷೆಗಳಿಗೆ ಓದುತ್ತಿದ್ದ. ಪಿಎಸ್‌ಐ, ಎಫ್‌ಡಿಎ, ರೈಲ್ವೆ, ಯಾವುದಕ್ಕೆ ಕರೆದರೂ ಅರ್ಜಿ ಹಾಕುವ ವಯಸ್ಸು. ಸಂವಿಧಾನದ ವಿಧಿಗಳನ್ನು ಅರಳು ಹುರಿದಂತೆ ಹೇಳುತ್ತಿದ್ದ. ಲೆಕ್ಕ ಬಂದರೆ ಮಾತ್ರ ಪೆನ್ನು ನಿಂತುಬಿಡುತ್ತಿತ್ತು. ನಾನು ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ಎಂದು ಯಾರೋ ಹೇಳಿದ್ದರಿಂದ, ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯ ವಿದ್ಯಾನಗರಕ್ಕೆ ಬಂದು ಇಳಿಯುತ್ತಿದ್ದ.

ಮೊದಲ ದಿನ ಅವನು ತೆರೆದ ಪುಟದ ತುಂಬ ರೈಲುಗಳೇ ಇದ್ದವು. ಕಂಬ ದಾಟುವ ರೈಲು, ಸೇತುವೆ ದಾಟುವ ರೈಲು, ಎದುರುಬದುರು ಬರುವ ಎರಡು ರೈಲು, ಓಡುವ ಕಳ್ಳ, ಬೆನ್ನಟ್ಟುವ ಪೊಲೀಸ. ಪುಟದ ನೆತ್ತಿಯಲ್ಲಿ ಕೆಂಪು ಶಾಯಿಯ ಚೌಕಟ್ಟಿನೊಳಗೆ ಎರಡು ಸಾಲು: ಎದುರು ಬಂದರೆ ಕೂಡಿಸು, ಒಂದೇ ದಿಕ್ಕಾದರೆ ಕಳೆ. ಗಂಟೆಗೆ ಕಿಲೋಮೀಟರ್ ಇದ್ದದ್ದನ್ನು ಸೆಕೆಂಡಿಗೆ ಮೀಟರ್ ಮಾಡಲು 5/18ರಿಂದ ಗುಣಿಸು ಎಂದು ಪಕ್ಕದಲ್ಲಿ ಇನ್ನೊಂದು ಟಿಪ್ಪಣಿ. ಎಲ್ಲವೂ ಸರಿಯಾಗಿಯೇ ಇತ್ತು.

“ಇದರಾಗ ಯಾವಾಗ ಕೂಡಸಬೇಕು, ಯಾವಾಗ ಕಳೀಬೇಕು ಅನ್ನೋದ ತಿಳೀವಲ್ತರಿ ಸರ.”

“ಮ್ಯಾಲೆ ನೀನ ಬರದೀಯಲ್ಲೋ ತಮ್ಮಾ.”

“ಬರದೀನ್ರಿ. ಆದ್ರ ಯಾಕ ಅನ್ನೋದು ತಿಳೀವಲ್ತು.”

ಆ ಮಾತಿಗೆ ನನಗೆ ಅವನ ಮೇಲೆ ಪ್ರೀತಿ ಹುಟ್ಟಿತು. ಉತ್ತರ ತಿಳಿದೂ ಕಾರಣ ಕೇಳುವವರು ತರಗತಿಗೆ ಒಬ್ಬರೋ ಇಬ್ಬರೋ. ಪುಸ್ತಕ ಮುಚ್ಚಿಸಿ, ಬಸ್ಸಿನಲ್ಲಿ ಬರುವಾಗ ಏನು ಕಂಡೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದ: ಭೈರಿದೇವರಕೊಪ್ಪದಿಂದ ಉಣಕಲ್ ತನಕ ಒಂದು ಬೈಕು ಆಚೆ ರಸ್ತೆಯಲ್ಲಿ ಬಸ್ಸಿನ ಬಾಜೂಕೇ ಬಂತು, ಅಪ್ಪನ ಹಿಂದೆ ಕೂತಿದ್ದ ಸಣ್ಣ ಹುಡುಗಿ ಇವನನ್ನೇ ನೋಡುತ್ತಿದ್ದಳು.

“ಆಕಿ ಎಷ್ಟ ಸ್ಪೀಡಿನ್ಯಾಗ ಹೊಂಟಿದ್ಲು?”

“ನಲವತ್ತರ ಮ್ಯಾಲ ಇರಬೇಕ್ರಿ.”

“ನಿನಗ ಹೆಂಗ ಕಂಡ್ಲು?”

“ಕುಂತಾಕಿ ಕುಂತಂಗ ಇದ್ಲರಿ.”

ಇಡೀ ಪಾಠ ಆ ಮೂರು ಪದಗಳಲ್ಲಿ ಬಂದುಬಿಟ್ಟಿತ್ತು. ನಲವತ್ತರ ಮೇಲೆ ಓಡುತ್ತಿದ್ದವಳು ಕುಂತಂತೆ ಕಂಡಳು. ಎರಡೂ ನಿಜ. ಒಂದು ರಸ್ತೆಯ ಕಡೆಯಿಂದ ನಿಜ, ಇನ್ನೊಂದು ಕಿಟಕಿಯ ಕಡೆಯಿಂದ ನಿಜ.

ಪುಸ್ತಕದಲ್ಲಿ ಇದಕ್ಕೆ ಸಾಪೇಕ್ಷ ವೇಗ ಎನ್ನುತ್ತಾರೆ. ವರ್ಷಗಟ್ಟಲೆ ಆ ಪದವನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಅದರ ಹೊಟ್ಟೆಯಲ್ಲಿ ಏನಿದೆ ಎಂದು ನೋಡಿದ್ದು ಬಹಳ ತಡವಾಗಿ. ಸ ಎಂದರೆ ಜೊತೆಗೆ, ಉಳಿದದ್ದು ಅಪೇಕ್ಷೆ. ನಮ್ಮ ಆಡುಮಾತಿನಲ್ಲಿ ಅಪೇಕ್ಷೆ ಎಂದರೆ ಆಸೆ, ಬಯಕೆ, ತಾಯಿ ಮಗನ ಮೇಲೆ ಇಟ್ಟುಕೊಳ್ಳುವಂಥದ್ದು. ಸಂಸ್ಕೃತದಲ್ಲಿ ಅದರ ಬೇರು ‘ಈಕ್ಷ್’, ನೋಡುವುದು. ನಿರೀಕ್ಷೆ, ಉಪೇಕ್ಷೆ, ಸಮೀಕ್ಷೆ, ಕೊನೆಗೆ ಈ ಹುಡುಗನ ನಿದ್ದೆ ಕೆಡಿಸಿದ್ದ ಪರೀಕ್ಷೆ, ಎಲ್ಲವೂ ಆ ಒಂದೇ ಕಣ್ಣಿನಿಂದ ಹುಟ್ಟಿದ ಮಾತುಗಳು. ಹಾಗಾದರೆ ಸಾಪೇಕ್ಷ ವೇಗವೆಂದರೆ ನೋಟ ಕೂಡಿಕೊಂಡ ವೇಗ. ನೋಟವಿಲ್ಲದ ವೇಗ ಎಂಬುದೊಂದು ಇದೆಯೇ ಎಂದು ಕೇಳಿದರೆ ಭೌತಶಾಸ್ತ್ರ ಇಲ್ಲ ಎನ್ನುತ್ತದೆ. ಚಿಗರಿಯ ಮೀಟರಿನಲ್ಲಿ 50 ಎಂದು ತೋರಿಸುವುದೂ ನೋಟವೇ. ಅದು ರಸ್ತೆಯ ನೋಟ. ರಸ್ತೆ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ನಾವು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹುಡುಗನಿಗೆ ಹೇಳಿದೆ: ಕೂಡಿಸುವುದು ಎಂಬುದೇ ಇಲ್ಲ, ಯಾವಾಗಲೂ ಕಳೆಯುವುದೇ. ನೋಡುವವನು ಯಾರು ಎಂದು ಮೊದಲು ಗೊತ್ತು ಮಾಡಿಕೋ. ಅವನ ವೇಗವನ್ನು ಎಲ್ಲದರಿಂದಲೂ ಕಳೆ. ನಿನ್ನ ಬಸ್ಸು 50, ಪಕ್ಕದ ಕಾರು 60. ಅರವತ್ತರಲ್ಲಿ ಐವತ್ತು ಕಳೆದರೆ 10, ಕಾರು ಮೆಲ್ಲಗೆ ಮುಂದೆ ಸರಿಯುತ್ತದೆ. ಎದುರಿನಿಂದ ಬರುವ ಬಸ್ಸಿನ ದಿಕ್ಕು ತಿರುಗಮುರುಗ, ಆದ್ದರಿಂದ ಅದು ಮೈನಸ್ 50. ಅದರಿಂದಲೂ 50 ಕಳೆ.

“ಮೈನಸ್ ನೂರು,” ಎಂದ. ಆಮೇಲೆ ಮುಖ ಮೇಲೆತ್ತಿ, “ಕೂಡಿಸಿದಂಗ ಆತಲ್ರಿ!”

“ಆತು. ಕೂಡಿಸಿಲ್ಲ, ಕಳದೀವಿ.”

“ಕಂಬದ್ದೂ ಕಳೀಬೇಕೇನ್ರಿ?”

“ಕಂಬದ್ದೂ. ಸೊನ್ನ್ಯಾಗ ಐವತ್ತ ಕಳದ್ರ ಏನ ಉಳೀತು? ಅದಕ್ಕ ಕಂಬ ಹಿಂದ ಓಡತೈತಿ.”

ಈ ನಿಯಮದಲ್ಲಿ ನನ್ನನ್ನು ಇವತ್ತಿಗೂ ಹಿಡಿದು ನಿಲ್ಲಿಸುವುದು ಅದರ ಕಟ್ಟುನಿಟ್ಟು. ನಾನು ನಿಂತಿದ್ದೇನೆ ಎಂದುಕೊಳ್ಳುವ ಹಕ್ಕು ನನಗಿದೆ. ಓಡುವ ಬಸ್ಸಿನಲ್ಲಿ ಕೂತಾಗಲೂ ಇದೆ. ಆದರೆ ನನ್ನ ಲೆಕ್ಕದಿಂದ ತೆಗೆದ ಆ ಐವತ್ತನ್ನು ಲೋಕದ ಪ್ರತಿಯೊಂದು ವಸ್ತುವಿನ ಲೆಕ್ಕದಿಂದಲೂ ತೆಗೆಯಬೇಕು. ಉಣಕಲ್ ಕೆರೆ, ಬಿವಿಬಿ ಕಾಲೇಜಿನ ಗೇಟು, ಕಿಮ್ಸ್ ಮುಂದೆ ಎಳನೀರು ಮಾರುವವನ ಗಾಡಿ, ಒಂದನ್ನೂ ಬಿಡುವಂತಿಲ್ಲ. ಒಂದನ್ನು ಬಿಟ್ಟರೂ ಲೆಕ್ಕ ತಪ್ಪುತ್ತದೆ. ಹುಡುಗರು ತಪ್ಪುವುದು ಅಲ್ಲೇ. ಅರ್ಧ ಲೆಕ್ಕವನ್ನು ಬಸ್ಸಿನಲ್ಲಿ ಕೂತು ಮಾಡುತ್ತಾರೆ, ಇನ್ನರ್ಧವನ್ನು ರಸ್ತೆಯ ಮೇಲೆ ನಿಂತು. ಎರಡು ದೋಣಿಯಲ್ಲಿ ಕಾಲಿಟ್ಟಂತೆ.

ದೋಣಿಯ ಮಾತು ಬಂದಾಗ ಆರ್ಯಭಟ ನೆನಪಾಗದೆ ಇರುವುದಿಲ್ಲ. ಅವನ ‘ಆರ್ಯಭಟೀಯ’ದ ಕಾಲ ಕ್ರಿ.ಶ. 499. ಅದರ ಗಣಿತಪಾದದಲ್ಲಿ ಹುಡುಗನ ಕೆಂಪು ಶಾಯಿಯ ಸೂತ್ರವೇ ಇದೆ: ಎದುರುಬದುರಾದರೆ ನಡುವಿನ ದೂರವನ್ನು ವೇಗಗಳ ಮೊತ್ತದಿಂದ, ಒಂದೇ ದಿಕ್ಕಾದರೆ ವ್ಯತ್ಯಾಸದಿಂದ ಭಾಗಿಸಿದರೆ ಕೂಡುವ ಕಾಲ ಸಿಗುತ್ತದೆ. ಅವನಿಗೆ ಅದು ಬೇಕಾಗಿದ್ದದ್ದು ಬಂಡಿಗಳಿಗಾಗಿ ಅಲ್ಲ, ಗ್ರಹಗಳಿಗಾಗಿ. ಮುಂದೆ ಗೋಲಪಾದದಲ್ಲಿ ಅದೇ ಯೋಚನೆಯನ್ನು ಆಕಾಶದ ತನಕ ಒಯ್ಯುತ್ತಾನೆ. ಸಾಗುವ ದೋಣಿಯಲ್ಲಿ ಕೂತವನಿಗೆ ದಡದ ಮೇಲಿನ ಅಚಲ ವಸ್ತುಗಳು ಹಿಂದಕ್ಕೆ ಸರಿದಂತೆ ಕಾಣುವ ಹಾಗೆ, ಭೂಮಿಯ ಮೇಲಿರುವ ನಮಗೆ ಅಚಲ ನಕ್ಷತ್ರಗಳು ಪಡುವಣಕ್ಕೆ ಸಾಗಿದಂತೆ ಕಾಣುತ್ತವೆ ಎನ್ನುವುದು ಅವನ ವಾದ. ತಾನು ನಿಂತಿದ್ದೇನೆ ಎಂಬ ನಂಬಿಕೆಯನ್ನು ಬಿಟ್ಟು, ತನ್ನ ಕಾಲಕೆಳಗಿನ ನೆಲವನ್ನೇ ಲೆಕ್ಕಕ್ಕೆ ಹಿಡಿದ ಧೈರ್ಯ ಅದು. ಅವನ ನಂತರದ ಪಂಡಿತರಲ್ಲಿ ಬ್ರಹ್ಮಗುಪ್ತನಂಥ ದೊಡ್ಡವನೂ ಅದನ್ನು ಒಪ್ಪಲಿಲ್ಲ. ಒಪ್ಪುವುದು ಸುಲಭವೂ ಅಲ್ಲ. ಹುಬ್ಬಳ್ಳಿಯ ಅಕ್ಷಾಂಶದಲ್ಲಿ ಭೂಮಿಯ ಮೇಲ್ಮೈ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಮೂಡಣಕ್ಕೆ ಸುತ್ತುತ್ತಿದೆ. ನಮ್ಮ ವಿದ್ಯಾನಗರ, ಅದರ ಜಾಬಿನ್ ಕಾಲೇಜು, ಅದರ ಗುಲ್‌ಮೊಹರ್ ಮರಗಳು, ನಾನು ಚಹಾ ಕುಡಿಯುವ ಈ ಕುರ್ಚಿ, ಎಲ್ಲ ಕೂಡಿ ಹೊರಟಿದ್ದೇವೆ. ಲೋಟದ ಚಹಾ ಅಲುಗುವುದಿಲ್ಲ. ಬೈಕಿನ ಹುಡುಗಿಯಂತೆ ಎಲ್ಲವೂ ಕುಂತದ್ದು ಕುಂತಂತೆ.

ಚಿಗರಿ ನಿಲ್ದಾಣ ರಸ್ತೆಯ ನಡುವೆ ಇದೆ. ಬಸ್ಸಿನ ಬಾಗಿಲು ಬಲಕ್ಕೆ ತೆರೆಯುತ್ತದೆ. ಎಲ್ಲ ಕಡೆ ನಿಲ್ಲುವ ಬಸ್ಸು ನಿಂತಾಗ, ನಿಲ್ಲದ ಬಸ್ಸು ಪಕ್ಕದ ಪಥದಲ್ಲಿ ದಾಟಿ ಹೋಗುವಂತೆ ಹಾದಿ ಮಾಡಿದ್ದಾರೆ. 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ, ಅವಳಿ ನಗರಗಳ ನಡುವಿನ ಸುಮಾರು 22 ಕಿ.ಮೀ. ಹಾದಿ ಅದು. ನಿಂತ ಬಸ್ಸಿನಲ್ಲಿ ಕೂತು ಪುಸ್ತಕದಲ್ಲಿ ತಲೆ ಹುದುಗಿಸಿದಾಗ ಪಕ್ಕದ ಬಸ್ಸು ಮೆಲ್ಲಗೆ ಮುಂದೆ ಸರಿದರೆ, ಕಣ್ಣಂಚಿಗೆ ನಮ್ಮ ಬಸ್ಸೇ ಹಿಂದೆ ಜಾರಿದಂತಾಗಿ ಎದೆ ಝಲ್ ಎನ್ನುತ್ತದೆ. ಮುಂದಿನ ಸೀಟಿನ ಕಂಬಿ ಹಿಡಿದವರನ್ನು ನೋಡಿದ್ದೇನೆ, ನಾನೂ ಹಿಡಿದಿದ್ದೇನೆ. ಆಗ ಎಲ್ಲರೂ ಮಾಡುವುದು ಒಂದೇ: ನಿಲ್ದಾಣದ ಕಂಬ ಹುಡುಕುತ್ತೇವೆ. ಮೂರನೆಯದೊಂದು ಬೇಕಾಗುತ್ತದೆ. ಬರೀ ಎರಡು ಬಸ್ಸುಗಳಷ್ಟೇ ಇದ್ದರೆ, ಎರಡೂ ಒಂದೇ ಸಮನೆ ಸಾಗುತ್ತಿದ್ದರೆ, ಯಾವುದು ಚಲಿಸಿತು ಎಂದು ತೀರ್ಮಾನಿಸಲು ದಾರಿಯೇ ಇಲ್ಲ. 1632ರಲ್ಲಿ ಗೆಲಿಲಿಯೊ ಹಡಗಿನ ಮುಚ್ಚಿದ ಕೋಣೆಯ ಉದಾಹರಣೆ ಕೊಟ್ಟು ಹೇಳಿದ್ದೂ ಇದನ್ನೇ. ಗೊತ್ತಾಗುವುದು ವೇಗ ಬದಲಾದಾಗ. ಚಾಲಕ ಬ್ರೇಕ್ ಹಾಕಿದರೆ ಕಣ್ಣು ಮುಚ್ಚಿದವನಿಗೂ ತಿಳಿಯುತ್ತದೆ.

ಹುಡುಗನಿಗೆ ಅತಿ ಇಷ್ಟವಾದ ಲೆಕ್ಕ ನಮ್ಮ ಹುಬ್ಬಳ್ಳಿ ಸ್ಟೇಷನ್ನಿನದು. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಆ ಪ್ಲಾಟ್‌ಫಾರಂ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು. 2023ರ ಮಾರ್ಚ್‌ನಲ್ಲಿ ಲೋಕಾರ್ಪಣೆಯಾಯಿತು. 550 ಮೀಟರ್ ಉದ್ದದ ರೈಲೊಂದು ಗಂಟೆಗೆ 36 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 10 ಮೀಟರಿನಂತೆ, ನಿಲ್ಲದೆ ಹಾದುಹೋದರೆ ಪ್ಲಾಟ್‌ಫಾರಂ ದಾಟಲು ಹತ್ತಿರ ಹತ್ತಿರ ಮೂರೂವರೆ ನಿಮಿಷ. ಅಲ್ಲಿ ನಿಂತ ಒಬ್ಬ ಹಮಾಲನನ್ನು ದಾಟಲು 55 ಸೆಕೆಂಡು. ಅಷ್ಟೇ ಉದ್ದದ, ಅಷ್ಟೇ ವೇಗದ ಇನ್ನೊಂದು ರೈಲು ಎದುರಾದರೆ? ದೂರವೂ ದುಪ್ಪಟ್ಟು, ವೇಗವೂ ದುಪ್ಪಟ್ಟು, ಮತ್ತೆ 55 ಸೆಕೆಂಡೇ. ಅದೇ ರೈಲು ಪಕ್ಕದ ಹಳಿಯಲ್ಲಿ ಅದೇ ದಿಕ್ಕಿಗೆ ಅದೇ ವೇಗದಲ್ಲಿ ಹೊರಟರೆ?

ಪೆನ್ನು ಹಿಡಿದು ಬಹಳ ಹೊತ್ತು ಕೂತ. “ಸೊನ್ನೆಯಿಂದ ಭಾಗಸಾಕ ಬರೂದುಲ್ರಿ.”

“ಹಂಗಾರ ಯಾವಾಗ ದಾಟತೈತಿ?”

“ದಾಟೂದುಲ್ಲ. ಕೂಡೇ ಹೋಗತಾವ.”

ಭಾಗಾಕಾರ ಕೈಬಿಡುವ ಜಾಗದಲ್ಲಿ ‘ಕೂಡೇ ಹೋಗತಾವ’ ಎಂಬ ಮಾತು ಅವನ ಬಾಯಿಗೆ ತಾನಾಗಿ ಬಂತು. ಎರಡು ಕಿಟಕಿಗಳ ನಡುವೆ ಮಾತು ನಡೆಯಬಹುದಾದದ್ದು, ಒಂದು ಕೈಯಿಂದ ಇನ್ನೊಂದು ಕೈಗೆ ನೀರಿನ ಬಾಟಲಿ ದಾಟಬಹುದಾದದ್ದು ಆ ಸೊನ್ನೆಯಲ್ಲಿ ಮಾತ್ರ.

ಆದರೆ ಈ ಲೆಕ್ಕ ನೋಟದಷ್ಟರಲ್ಲೇ ಮುಗಿಯುವುದಿಲ್ಲ. ನಮ್ಮ ಊರ ಹೊರಗೆ ಗಬ್ಬೂರಿನಿಂದ ನರೇಂದ್ರದ ತನಕ ಸುಮಾರು 30 ಕಿ.ಮೀ. ಬೈಪಾಸ್ ಇದೆ. ಪುಣೆ–ಬೆಂಗಳೂರು ಹೆದ್ದಾರಿ ಹಿಂದೆಮುಂದೆ ಅಗಲವಾಗಿದ್ದರೂ, ಇಲ್ಲಿ ಮಾತ್ರ ಬಹಳ ವರ್ಷ ಹೋಗುವವರಿಗೂ ಬರುವವರಿಗೂ ಒಂದೇ ಇಕ್ಕಟ್ಟಿನ ರಸ್ತೆಯಾಗಿ ಉಳಿದಿತ್ತು. 2021ರ ಜನವರಿ 15ರ ಬೆಳಿಗ್ಗೆ ಇಟಿಗಟ್ಟಿಯ ಹತ್ತಿರ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಹಳೆಯ ಶಾಲಾ ಗೆಳತಿಯರ ವಾಹನ ಟಿಪ್ಪರಿಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಮರುದಿನದ ಪತ್ರಿಕೆಯನ್ನು ನಾನು ಇನ್ನೂ ಇಟ್ಟಿದ್ದೇನೆ. ಹೊರಡುವ ಮುಂಚೆ ಅವರೆಲ್ಲ ಕೂಡಿ ತೆಗೆದುಕೊಂಡ ಸೆಲ್ಫಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತ್ತು. ಆಮೇಲೆ ರಸ್ತೆ ಅಗಲಿಸುವ ಕೂಗು ಎದ್ದಿತು, ಆರು ಪಥದ ಕೆಲಸ ಶುರುವಾಯಿತು.

ಆ ಒಂದು ಅಪಘಾತದ ಲೆಕ್ಕ ನಾನು ಮಾಡಲಾರೆ. ಅಂಥ ರಸ್ತೆಯ ಲೆಕ್ಕ ಮಾತ್ರ ಹುಡುಗನ ಕೈಯಲ್ಲಿ ಮಾಡಿಸಿದೆ. ಮುಂದೆ ಲಾರಿ 60ರಲ್ಲಿ ಹೊರಟಿದೆ. ನೀನು 70ರಲ್ಲಿ ಅದನ್ನು ಓವರ್‌ಟೇಕ್ ಮಾಡಬೇಕು. ಲಾರಿಯ ಉದ್ದ, ನಿನ್ನ ಗಾಡಿಯ ಉದ್ದ, ಹಿಂದೆಮುಂದೆ ಬಿಡಬೇಕಾದ ಅಂತರ ಸೇರಿ 40 ಮೀಟರ್ ಎಂದಿಟ್ಟುಕೋ. ನಿನಗೂ ಲಾರಿಗೂ ನಡುವಿನ ವೇಗ ಬರೀ 10 ಕಿ.ಮೀ. ಆ 40 ಮೀಟರ್ ಗಳಿಸಲು 14.4 ಸೆಕೆಂಡು ಬೇಕು. ಅಷ್ಟರಲ್ಲಿ ರಸ್ತೆಯ ಮೇಲೆ ನೀನು 280 ಮೀಟರ್ ಓಡಿರುತ್ತೀ. ಎದುರಿನಿಂದ 80ರಲ್ಲಿ ಬರುವವನು 320 ಮೀಟರ್ ಬಂದಿರುತ್ತಾನೆ. ಅಂದರೆ ಬಲಕ್ಕೆ ಸ್ಟೇರಿಂಗ್ ತಿರುಗಿಸುವ ಗಳಿಗೆಯಲ್ಲಿ 600 ಮೀಟರ್ ರಸ್ತೆ ಖಾಲಿ ಇರಬೇಕು. ವಿದ್ಯಾನಗರದ ಒಂದು ನಿಲ್ದಾಣದಿಂದ ಮುಂದಿನದರ ಕಡೆ ನಡೆದು ನೋಡಿದವರಿಗೆ ಆ ದೂರ ಎಷ್ಟೆಂದು ಗೊತ್ತು.

ಚಾಲಕ ಲಾರಿಯನ್ನು ನೋಡುತ್ತಾನೆ, ಅದು ನಿಧಾನವಾಗಿ ಹಿಂದೆ ಸರಿಯುತ್ತದೆ, ಎಲ್ಲ ಸಾವಕಾಶವಾಗಿದೆ ಅನ್ನಿಸುತ್ತದೆ. ಹತ್ತರ ಲೆಕ್ಕದಲ್ಲಿ ಅವನ ಕಣ್ಣು ಮುಳುಗಿರುವಾಗ ಎದುರಿನಿಂದ ನೂರೈವತ್ತರ ಲೆಕ್ಕ ಬರುತ್ತಿರುತ್ತದೆ. ಒಂದೇ ಸೀಟಿನಲ್ಲಿ ಕೂತು, ಒಂದೇ ಗಳಿಗೆಯಲ್ಲಿ, ಎರಡು ಸಾಪೇಕ್ಷ ವೇಗಗಳನ್ನು ಹಿಡಿಯಬೇಕು. ನಮ್ಮ ಕಣ್ಣು ಒಂದನ್ನೇ ಹಿಡಿಯುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಪುಸ್ತಕಗಳು ಅವಸರದಲ್ಲಿ ದಾಟಿಬಿಡುತ್ತವೆ. ಸಮತೂಕದ ಎರಡು ಕಾರು 60ರಲ್ಲಿ ಎದುರುಬದುರು ಗುದ್ದಿದರೆ ನಡುವಿನ ವೇಗ 120 ನಿಜ, ಆದರೆ ಒಬ್ಬೊಬ್ಬರ ಪಾಲಿಗೆ ಬರುವುದು ಅರವತ್ತರಿಂದ ಸೊನ್ನೆಗೆ ಬಿದ್ದ ಪೆಟ್ಟು. ತೂಕ ಹೆಚ್ಚುಕಡಿಮೆ ಆದಾಗ ಈ ಪಾಲು ಕೆಡುತ್ತದೆ. 25 ಟನ್ನಿನ ತುಂಬಿದ ಟಿಪ್ಪರಿಗೆ ಮೂರೂವರೆ ಟನ್ನಿನ ವ್ಯಾನು ಎದುರಾಗಿ, ಎರಡೂ ಕಚ್ಚಿಕೊಂಡವು ಎನ್ನಿ. ಆ 120ರಲ್ಲಿ ಟಿಪ್ಪರಿನ ವೇಗ ಬದಲಾಗುವುದು ಸುಮಾರು 15, ವ್ಯಾನಿನದು 105. ನಡುವಿನ ವೇಗ ಇಬ್ಬರಿಗೂ ಒಂದೇ, ಯಾರ ಕಡೆಯಿಂದ ನೋಡಿದರೂ 120. ನೋವು ಮಾತ್ರ ಹಗುರಾದವನ ಕಡೆಗೆ ಹರಿಯುತ್ತದೆ. ಈ ಲೆಕ್ಕ ಮುಗಿದ ಮೇಲೆ ಹುಡುಗ ಏನೂ ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಮಳೆಗಾಲ ಬಂತು. ಒಂದು ಸಂಜೆ ತೊಯ್ದು ಬಂದವನು ಟವೆಲ್ಲಿನಿಂದ ತಲೆ ಒರೆಸಿಕೊಂಡು ಸುಮ್ಮನೆ ಕೂತ. ಪುಸ್ತಕ ತೆರೆಯಲಿಲ್ಲ. ರೂಮಿನಲ್ಲಿದ್ದ ಮೂವರಲ್ಲಿ ಇಬ್ಬರಿಗೆ ನೌಕರಿಯಾಗಿತ್ತು.

“ಎಲ್ಲಾರೂ ಮುಂದ ಹೋದ್ರರಿ ಸರ. ನಾ ಒಬ್ಬಾವ ಇಲ್ಲೇ ನಿಂತೀನಿ.”

ಯಾರ ಕಡೆಯಿಂದ ನೋಡುತ್ತಿದ್ದೀ ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಅಂಥ ಹೊತ್ತಿನಲ್ಲಿ ಪಾಠದ ಮಾತು ಕಲ್ಲಿನಂತೆ ಬೀಳುತ್ತದೆ. ಚಹಾ ಬಂತು, ಕುಡಿದೆವು. ಆಮೇಲೆ ಅವನ ನೋಟ್‌ಬುಕ್ಕಿನಲ್ಲಿ ನಾನೇ ಒಂದು ಲೆಕ್ಕ ಬರೆದೆ. ನಮ್ಮ ಮಳಖೇಡದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಜಾತಿಯ ಲೆಕ್ಕ ಇಟ್ಟಿದ್ದಾನೆ: ಒಬ್ಬ ಸಮವೇಗದಲ್ಲಿ ನಡೆಯುವವನು, ಇನ್ನೊಬ್ಬ ನಡಿಗೆ ಹೆಚ್ಚಿಸುತ್ತ ಹೋಗುವವನು, ಇಬ್ಬರೂ ಯಾವಾಗ ಕೂಡುತ್ತಾರೆ? ಅಂಕಿಗಳನ್ನು ನಾನು ಹಾಕಿದೆ. ಮೊದಲನೆಯವನು ದಿನಕ್ಕೆ 20 ಕಿ.ಮೀ. ಎರಡನೆಯವನು ಮೊದಲ ದಿನ 4, ಮರುದಿನ 8, ಆಮೇಲೆ 12, ಹೀಗೆ ದಿನಕ್ಕೆ ನಾಲ್ಕು ಹೆಚ್ಚು.

ಅವನು ಸೂತ್ರ ಹುಡುಕದೆ ದಿನದಿನದ ಪಟ್ಟಿ ಹಾಕಿದ. ಮೊದಲ ದಿನದ ಕೊನೆಗೆ 16 ಕಿ.ಮೀ. ಹಿಂದೆ. ಎರಡನೇ ದಿನ 28. ಮೂರಕ್ಕೆ 36. ನಾಲ್ಕಕ್ಕೆ 40. ಐದಕ್ಕೂ 40. ಅಲ್ಲಿ ಅವನ ಬೆರಳು ನಿಂತಿತು.

“ಐದನೇ ದಿನ ಇವನೂ ಇಪ್ಪತ್ತ ನಡದಾನ್ರಿ.”

“ಹೌದು.”

“ಆದ್ರ ಎಲ್ಲಾಕಿಂತ ಹಿಂದ ಬಿದ್ದದ್ದೂ ಅವತ್ತ.”

ಹೌದು, ಇಬ್ಬರ ನಡಿಗೆಯೂ ಸಮವಾದ ದಿನ, ಸಾಪೇಕ್ಷ ವೇಗ ಸೊನ್ನೆಯಾದ ದಿನ, ಅಂತರ ಅತಿ ದೊಡ್ಡದು. ಆರನೇ ದಿನ ಎರಡನೆಯವನೇ ಹೆಚ್ಚು ನಡೆಯುತ್ತಾನೆ, ಆದರೂ ನೋಡಿದವರಿಗೆ ಇನ್ನೂ 36 ಕಿ.ಮೀ. ಹಿಂದೆಯೇ ಕಾಣುತ್ತಾನೆ. ಕೂಡುವುದು ಒಂಬತ್ತನೇ ದಿನದ ಕೊನೆಗೆ, 180 ಕಿ.ಮೀ. ನಡೆದ ಮೇಲೆ. ದೂರವನ್ನು ನೋಡುವ ಕಣ್ಣು ಬೇರೆ, ವೇಗವನ್ನು ನೋಡುವ ಕಣ್ಣು ಬೇರೆ. ಊರಿನವರು, ನೆಂಟರು, ಕೊನೆಗೆ ನಾವೂ, ಒಬ್ಬರನ್ನು ಅಳೆಯುವಾಗ ಬರೀ ದೂರ ನೋಡಿ ವೇಗದ ಮಾತಾಡುತ್ತೇವೆ. ಹಿಂದುಳಿದವನು ಎನ್ನುತ್ತೇವೆ. ಯಾವ ಊರಿನಿಂದ, ಯಾವ ದಿನ, ಎಷ್ಟು ಹೊರೆ ಹೊತ್ತು ಹೊರಟ ಎಂದು ಕೇಳುವುದಿಲ್ಲ. ಅವನ ಅಪ್ಪ ಎರಡು ಎಕರೆ ಎರಿಹೊಲ ಒತ್ತೆ ಇಟ್ಟಿದ್ದಾನೆ ಎಂಬುದು ನನಗೆ ತಿಳಿದದ್ದೂ ಅವತ್ತೇ, ಆ ಲೆಕ್ಕದ ನಂತರ, ಅವನಾಗಿಯೇ ಹೇಳಿದಾಗ.

ಇದನ್ನು ಸಮಾಧಾನಕ್ಕೆ ಮಾಡಿಸಿದೆ ಎಂದು ಅವನು ತಿಳಿಯಬಾರದೆಂದು ಹೇಳಿಬಿಟ್ಟೆ: “ನಿನ್ನ ನಡಿಗಿ ಹೆಚ್ಚಾಗಾಕತ್ತೈತೋ ಇಲ್ಲೋ ಅನ್ನೋದ ನನಗ ಗೊತ್ತಿಲ್ಲ ತಮ್ಮಾ. ಅದ ನಿನಗಷ್ಟ ಗೊತ್ತು.” ಅವನು ಬಹಳ ಹೊತ್ತು ಪಟ್ಟಿಯನ್ನೇ ನೋಡುತ್ತಿದ್ದ.

ಭೌತಶಾಸ್ತ್ರದಲ್ಲಿ ಯಾರ ಅಪೇಕ್ಷೆಗೂ ಬಗ್ಗದ ವೇಗ ಒಂದೇ ಒಂದು, ಬೆಳಕಿನದು. ನೀವು ಎಷ್ಟೇ ವೇಗದಲ್ಲಿ ಅದರ ಬೆನ್ನುಹತ್ತಿದರೂ ಅದು ನಿಮ್ಮಿಂದ ಅದೇ ವೇಗದಲ್ಲಿ ದೂರವಾಗುತ್ತದೆ, ಕಳೆಯುವ ಲೆಕ್ಕ ಅದಕ್ಕೆ ತಾಗುವುದಿಲ್ಲ. 1905ರಲ್ಲಿ ಐನ್‌ಸ್ಟೈನ್ ಇದನ್ನು ಆಧಾರವಾಗಿ ಹಿಡಿದಾಗ ಕಾಲ ಮತ್ತು ದೂರ ತಾವೇ ಬಗ್ಗಬೇಕಾಯಿತು. ಮನುಷ್ಯರ, ಬಸ್ಸುಗಳ, ರೈಲುಗಳ ಲೋಕದಲ್ಲಿ ಆ ತಿದ್ದುಪಡಿ ಎಷ್ಟು ಸಣ್ಣದೆಂದರೆ ಯಾವ ಮೀಟರಿನಲ್ಲೂ ಕಾಣದು. ಇಲ್ಲಿ ನಮಗೆ ನೋಟ ಬಿಟ್ಟು ಬೇರೆ ಆಸರೆಯಿಲ್ಲ.

ಮಳೆ ಸಣ್ಣಗಾದ ಮೇಲೆ ಇಬ್ಬರೂ ನಿಲ್ದಾಣಕ್ಕೆ ನಡೆದೆವು. ಅವನಿಗೆ ಧಾರವಾಡದ ಬಸ್ಸು, ನನಗೆ ಹೊಸೂರಿನ ಕಡೆ ಒಂದು ಕೆಲಸ. ಗಾಳಿಯಿಲ್ಲದೆ ನೆಟ್ಟಗೆ ಬೀಳುವ ಹನಿ. ಆದರೂ ಬಿರಬಿರನೆ ನಡೆಯುತ್ತಿದ್ದ ಅವನು ಕೊಡೆಯನ್ನು ಮುಂದಕ್ಕೆ ಬಾಗಿಸಿಕೊಂಡಿದ್ದ. ನಡೆಯುವವನಿಗೆ ಮಳೆ ಓರೆಯಾಗಿಯೇ ಬರುತ್ತದೆ. ಅದನ್ನು ಅವನಿಗೆ ತೋರಿಸಿದೆ. ಕೊಡೆ ನೋಡಿ, ನನ್ನನ್ನು ನೋಡಿ ನಕ್ಕ. ಆ ಸಂಜೆ ಮೊದಲ ಸಲ ನಕ್ಕದ್ದು.

ಚಿಗರಿ ಬಂತು. ಗಾಜಿನ ಬಾಗಿಲು ಸರಿದು ಅವನು ಮುಂದುಗಡೆ ಹತ್ತಿದ. ಬಸ್ಸು ಅಷ್ಟೇನೂ ತುಂಬಿರಲಿಲ್ಲ. ಬಾಗಿಲು ಮುಚ್ಚಿ ಬಸ್ಸು ಮೆಲ್ಲಗೆ ಉರುಳತೊಡಗಿದಾಗ, ಅವನು ಕಿಟಕಿಯಲ್ಲಿ ನನ್ನ ಕಡೆ ಮುಖ ಮಾಡಿಕೊಂಡೇ ಹಿಂದಿನ ಸೀಟುಗಳ ಕಡೆ ನಡೆಯಲು ಶುರು ಮಾಡಿದ. ಬಸ್ಸು ಒಂದು ಹೆಜ್ಜೆ ಮುಂದೆ, ಅವನು ಒಂದು ಹೆಜ್ಜೆ ಹಿಂದೆ. ಕಂಬಿಗಳು, ಸೀಟುಗಳು, ಕೂತವರ ತಲೆಗಳು ಅವನ ಬೆನ್ನ ಹಿಂದೆ ಸರಿದು ಹೋದವು. ಅವನು ನನ್ನೆದುರು ನಿಂತಲ್ಲೇ ನಿಂತಿದ್ದ. ಮೂರು ಹೆಜ್ಜೆ, ನಾಲ್ಕು. ಕೈಯೆತ್ತಿ ಐದು ಬೆರಳು ತೋರಿಸಿದ. ಅಷ್ಟರಲ್ಲಿ ಬಸ್ಸು ವೇಗ ಹಿಡಿಯಿತು.